ಗೋಡೆಯಾಚೆಯ ಮಗ್ಗ

ನಾನು ಮದುವೆಯಾಗಿ ಹೋದ ಮನೆಯಲ್ಲಿ ಮೂರು ಮಗ್ಗಗಳಿದ್ದವು. ಎರಡು ಮುಂದಿನ ಹಜಾರದಲ್ಲಿ, ಮೂರನೆಯದು ಹಿಂದುಗಡೆ, ಅಡುಗೆಮನೆಯ ಗೋಡೆಗೆ ಆನಿಸಿ ಕಟ್ಟಿದ್ದ ತೆಂಗಿನ ಗರಿಯ ಇಳಿಮಾಡಿನಲ್ಲಿ. ಪಲ್ಲಡಂನಿಂದ ಕರುಮತ್ತಂಪಟ್ಟಿಯ ಕಡೆಗೆ ಹೋಗುವ ಗಾಡಿದಾರಿಯಲ್ಲಿ ನಮ್ಮ ಊರು. ಮೂವತ್ತರ ದಶಕದ ಮಾತು ಇದು. ಕೊಯಮತ್ತೂರಿನ ಗಿರಣಿಗಳಿಗೆ ಆಗಲೇ ಕರೆಂಟು ಬಂದಿತ್ತು; ನಮ್ಮೂರಿನಲ್ಲಿ ಇನ್ನೂ ಸೀಮೆಎಣ್ಣೆ ಬುಡ್ಡಿ. ನಮ್ಮ ಬೀದಿಯ ಮಗ್ಗಗಳೆಲ್ಲ ನೆಲದಲ್ಲಿ ಗುಂಡಿ ತೋಡಿ ಇಳಿಸಿದವು. ನೇಯುವವನು ಗುಂಡಿಯೊಳಗೆ ಕಾಲು ಇಳಿಬಿಟ್ಟು ಕುಳಿತು, ಕೆಳಗೆ ಎರಡು ಹಲಗೆಗಳನ್ನು ಒಂದಾದ ಮೇಲೊಂದು ತುಳಿಯುತ್ತಾ, ಮೇಲೆ ಕೈಯಲ್ಲಿ ಲಾಳಿ ಓಡಿಸಿ ಹಣಿಗೆಯನ್ನು ಬಡಿಯಬೇಕು. ಕಾಲಿನದೂ ಕೈಯದೂ ಸೇರಿ ಒಂದೇ ಸದ್ದು. ಬೆಳಗಿನಿಂದ ಸಂಜೆಯವರೆಗೆ ಬೀದಿಯ ಉದ್ದಕ್ಕೂ ಅದೇ.

ಆ ಬೀದಿಯ ಗಂಡಸರನ್ನು ನಾನು ಮೊದಲು ತಿಳಿದದ್ದು ಸದ್ದಿನಿಂದ. ಹೊಸ ಸೊಸೆ ತಲೆ ಎತ್ತಿ ಯಾರ ಮುಖವನ್ನೂ ನೋಡುವ ಹಾಗಿರಲಿಲ್ಲ. ಕಿವಿಗೆ ಯಾರೂ ಅಡ್ಡಿ ಹೇಳಿರಲಿಲ್ಲ. ಮಗ್ಗವನ್ನು ನಾವು ಮಾತಿನಲ್ಲಿ ತರಿ ಎನ್ನುತ್ತಿದ್ದೆವು. ಅತ್ತೆ ಅಕ್ಕಿ ಆರಿಸುತ್ತಾ ಕುಳಿತಲ್ಲಿಂದಲೇ ಹೇಳುವರು:

"ಕೇಳು ಅಮ್ಮಣಿ, ಮೂಲೆಮನೆಯವನು ಇವತ್ತು ಹೆಂಡ್ತಿ ಕೂಡ ಜಗಳ ಆಡವ್ನೆ. ಅವಳ ಮೇಲಿನ ಸಿಟ್ಟನ್ನ ತರಿ ಮೇಲೆ ತೀರಿಸ್ತಾವ್ನೆ."

"ಅದು ಹೆಂಗೆ ಗೊತ್ತಾಯ್ತದೆ ಅತ್ತೆ?"

"ಇನ್ನೊಂದು ಹತ್ತು ವರ್ಷ ಈ ಬೀದೀಲಿ ಇರು. ನಿಂಗೂ ಗೊತ್ತಾಯ್ತದೆ."

ಅತ್ತೆಯ ಮಾತು ಸಾಮಾನ್ಯವಾಗಿ ಸರಿಯಾಗಿರುತ್ತಿತ್ತು ಎಂದೇ ಎಲ್ಲರೂ ನಂಬಿದ್ದರು. ಮೂಲೆಮನೆಗೆ ಹೋಗಿ ಜಗಳ ಆಗಿತ್ತೇ ಎಂದು ಕೇಳಿ ಬಂದವರು ಯಾರೂ ಇರಲಿಲ್ಲ. ನನಗೂ ಹತ್ತು ವರ್ಷ ಬೇಕಾಗಲಿಲ್ಲ. ಅಡುಗೆ ಮುಗಿಸಿ, ಅಡುಗೆಮನೆಯ ಹಿಂಗೋಡೆಗೆ ಬೆನ್ನು ಕೊಟ್ಟು ರಾಟೆ ಹಾಕಿಕೊಂಡು ಕುಳಿತರೆ, ಮೂರು ಮಗ್ಗಕ್ಕೂ ಕಂಡಿಕೆ ಸುತ್ತುವುದು ನನ್ನ ಪಾಲಿನ ಕೆಲಸ. ಲಾಳಿಯ ಹೊಟ್ಟೆಯೊಳಗೆ ಕೂರುವ ನೂಲಿನ ಸಣ್ಣ ಸುರುಳಿಯೇ ಕಂಡಿಕೆ. ಒಂದು ಮುಗಿಯುವುದರೊಳಗೆ ಇನ್ನೊಂದು ಸಿದ್ಧವಿರಬೇಕು. ಕೈಗೆ ಬಿಡುವಿಲ್ಲ, ತಲೆಗೆ ಕೆಲಸವಿಲ್ಲ. ಅಂಥ ಹೊತ್ತಿನಲ್ಲಿ ತಲೆ ತಾನೇ ಒಂದು ಕೆಲಸ ಹುಡುಕಿಕೊಳ್ಳುತ್ತದೆ.

ನಾನು ಹೋಗಿ ಆರೇಳು ವರ್ಷವಾಗಿತ್ತು. ಒಂದು ಆಡಿ ತಿಂಗಳು, ಅಂದರೆ ಆಷಾಢ, ಕಳೆದ ಮೇಲೆ ಹಿಂದಿನ ಮಗ್ಗಕ್ಕೆ ಹೊಸ ಗಂಡಹೆಂಡಿರು ಬಂದರು. ಕಾಂಗೇಯದ ಆಚೆಯವರು, ನಮ್ಮ ಹಾಗೆಯೇ ಮನೆಯಲ್ಲಿ ಕನ್ನಡ. ಮಗ್ಗ ನಮ್ಮದು, ನೂಲು ನಮ್ಮದು, ನೇಯ್ಗೆ ಅವನದು. ಆ ಮಗ್ಗ ನಡೆಯುವವರೆಗೆ ಅದರ ಪಕ್ಕದ ಎರಡು ಮಾರು ಜಾಗ, ಒಂದು ಒಲೆ, ಒಂದು ಬಾಗಿಲು ಅವರದು. ಮಗ್ಗ ಕೈಬಿಟ್ಟರೆ ಸೂರೂ ಬಿಟ್ಟ ಹಾಗೆ. ಬೀದಿಯ ಎಲ್ಲ ಮನೆಗಳಲ್ಲೂ ಅದೇ ಏರ್ಪಾಡು, ಯಾರೂ ಅದನ್ನು ಎರಡು ಸಲ ಹೇಳುತ್ತಿರಲಿಲ್ಲ.

ಅವನ ಮಗ್ಗ ಸೂರ್ಯ ಹುಟ್ಟುವ ಮೊದಲೇ ಶುರುವಾಗುತ್ತಿತ್ತು. ಗಟ್ಟಿ ಸದ್ದು. ಗೋಡೆಯ ಮೇಲಿನ ಸೌಟು ಅಲ್ಲಾಡುವಷ್ಟು ಗಟ್ಟಿ. ಮಾವ ಆಗ ಜಗಲಿಯ ಮೇಲೆ ಕುಳಿತು ಅಂಬಲಿ ಕುಡಿಯುವ ಹೊತ್ತು. ಅವರಿಗೆ ಕಣ್ಣು ಮಂಜಾಗಿ ನೇಯುವುದು ಬಿಟ್ಟಿದ್ದರು. ಬಿಸಿಲೇರುವಾಗ ನೂಲಿನ ವ್ಯಾಪಾರಿಯ ಕಡೆಗೋ, ಬೀದಿಯಲ್ಲಿ ಯಾರದಾದರೂ ಪಾವಿನ ಕಡೆಗೋ ಹೋಗಿಬಿಡುವರು. ಪಾವು ಎಂದರೆ ಬೀದಿಯುದ್ದಕ್ಕೂ ಎಳೆದು ಗಂಜಿ ಹಾಕಿ ಒಣಗಿಸುವ ಹಾಸುನೂಲು. ಮಾವ ಅತ್ತ ಹೋದ ಸ್ವಲ್ಪ ಹೊತ್ತಿಗೆ ಗೋಡೆಯಾಚೆಯ ಮಗ್ಗ ನಿಲ್ಲುತ್ತಿತ್ತು. ಆಮೇಲೆ ಮತ್ತೆ ಶುರುವಾದರೆ ಅದು ಬೇರೆಯೇ ಸದ್ದು. ಮೆತ್ತಗೆ. ನಾಲ್ಕು ಬಡಿತ, ಒಂದು ನಿಲುಗಡೆ. ಹತ್ತು ಬಡಿತ, ಇನ್ನೊಂದು ನಿಲುಗಡೆ. ಸಂಜೆಯವರೆಗೂ ಹಾಗೆಯೇ. ಮುಂದಿನ ಹಜಾರದಲ್ಲಿ ನಮ್ಮ ಯಜಮಾನರೂ ಮೈದುನನೂ ತಂತಮ್ಮ ಗುಂಡಿಯಲ್ಲಿ ಇರುತ್ತಿದ್ದರು. ಸ್ವಂತ ಮಗ್ಗದ ಸದ್ದಿನಲ್ಲಿ ಕುಳಿತವರಿಗೆ ಇನ್ನೊಂದು ಮಗ್ಗ ಕೇಳಿಸುವುದಿಲ್ಲ. ಅದನ್ನು ಕೇಳುತ್ತಿದ್ದವಳು ನಾನೊಬ್ಬಳೇ.

ಮಾವ ಇದ್ದರೆ ಒಂದು ಕೈ, ಇಲ್ಲದಿದ್ದರೆ ಒಂದು ಕೈ. ಹೀಗೆಂದು ನಾನು ಯಾವ ದಿನ ಅಂದುಕೊಂಡೆ ಎಂದು ಕೇಳಿದರೆ ಹೇಳಲಾರೆ. ಅಂದುಕೊಂಡ ನೆನಪೇ ಇಲ್ಲ. ಪಾತ್ರೆಯ ತಳಕ್ಕೆ ಮಸಿ ಹಿಡಿದ ಹಾಗೆ ಅದು ಹಿಡಿದಿತ್ತು. ಹಿಡಿದ ಮೇಲೆ ಉಳಿದದ್ದೆಲ್ಲ ಅದಕ್ಕೆ ಬಂದು ಅಂಟಿಕೊಳ್ಳತೊಡಗಿತು. ಬೀದಿಯ ಗಂಡಸರೆಲ್ಲ ಕೆಲಸದ ಹೊತ್ತಿನಲ್ಲಿ ಪಂಚೆಯನ್ನು ಮಂಡಿಯ ಮೇಲಕ್ಕೆ ಮಡಚಿ ಕಟ್ಟುವರು. ಇವನೊಬ್ಬ ಪಂಚೆಯನ್ನು ಪಾದ ಮುಚ್ಚುವ ಹಾಗೆ ಇಳಿಬಿಟ್ಟೇ ಇರುವನು. ನಡೆಯುವುದೂ ನಿಧಾನ, ಒಂದೊಂದು ಹೆಜ್ಜೆಯನ್ನು ಅಳೆದು ಇಟ್ಟ ಹಾಗೆ. ಬಾವಿಕಟ್ಟೆಯಲ್ಲಿ ನಮ್ಮ ಎದುರುಮನೆಯ ಚಿಕ್ಕತ್ತೆ ಅವನಿಗೊಂದು ಹೆಸರನ್ನೂ ಇಟ್ಟರು.

"ಏನಮ್ಮಣಿ, ನಿಮ್ಮ ಹಿತ್ತಲ ಜಮೀನ್ದಾರ ಎದ್ದಾಯ್ತಾ?"

ನಾನೂ ನಕ್ಕೆ. ಕೊಡ ತುಂಬಿಕೊಂಡು ಬರುವಾಗಲೂ ನಗು ಬರುತ್ತಿತ್ತು.

ಹೆಂಡತಿಯ ಮೇಲೂ ನನಗೆ ಒಳ್ಳೆಯ ಮನಸ್ಸಿರಲಿಲ್ಲ. ಬೆಳಗಿನ ಜಾವಕ್ಕೆ ಬಂದು ಕಂಡಿಕೆಯ ಬುಟ್ಟಿ ಎತ್ತಿಕೊಂಡು ಹೋದವಳು ಬಿಸಿಲೇರಿದ ಮೇಲೆ ಬಾಗಿಲು ಹಾಕಿಕೊಂಡರೆ ಸಂಜೆಗೇ ತೆಗೆಯುವುದು. ಬೀದಿಯಲ್ಲಿ ಪಾವು ಎಳೆದಾಗ ಪ್ರತಿಮನೆಯಿಂದ ಒಬ್ಬ ಹೆಂಗಸಾದರೂ ಬಂದು ಎಳೆ ಕೂಡಿಸುವುದು ವಾಡಿಕೆ. ಅವಳು ಒಂದು ದಿನವೂ ಬರಲಿಲ್ಲ. ಗಂಡ ಅಲ್ಲಿ ತೂಕಡಿಸುತ್ತಾ ನೇಯುತ್ತಾನೆ, ಇವಳು ಪಕ್ಕದಲ್ಲಿ ಸೆರಗು ಹಾಸಿ ಮಲಗುತ್ತಾಳೆ. ಇದು ನಾನು ಗೋಡೆಯ ಈಚೆಯಿಂದ ಕಂಡ ಚಿತ್ರ. ಗೋಡೆಯಲ್ಲಿ ಒಂದು ಸಣ್ಣ ಬಿರುಕೂ ಇರಲಿಲ್ಲ.

ದೀಪಾವಳಿಗೆ ಇನ್ನೂ ಹೊತ್ತಿತ್ತು. ಒಂದು ದಿನ ಮಾವ ಅವನು ನೇಯ್ದ ಸೀರೆಯನ್ನು ಜಗಲಿಯ ಮೇಲೆ ಹರಡಿ, ಕಣ್ಣು ಸಾಲದ್ದಕ್ಕೆ ಹೆಬ್ಬೆರಳಿನಿಂದ ತಡವಿ ನೋಡುತ್ತಿದ್ದರು. ಬಟ್ಟೆ ಕೆಟ್ಟಿರಲಿಲ್ಲ. ಆದರೆ ಒಂದು ಗೇಣು ಬಿಗಿ, ಎರಡು ಗೇಣು ಮೆದು, ಮತ್ತೆ ಒಂದು ಗೇಣು ಬಿಗಿ. ಎರಡು ಮೂರು ಸಲ ತಡವಿದರು. ನಾನು ನೀರಿನ ಚೊಂಬು ಇಡಲು ಹೋಗಿದ್ದೆ.

"ಅಮ್ಮಣಿ, ಸ್ವಲ್ಪ ನಿಂತ್ಕೋ. ಆ ಗೋಡೆ ಪಕ್ಕದಲ್ಲೇ ಇರ್ತೀಯಲ್ಲ ನೀನು. ಇವನ ತರಿ ಹೆಂಗೆ ನಡೀತದೆ?"

ಆರೇಳು ವರ್ಷದಲ್ಲಿ ಮಾವ ನನ್ನನ್ನು ಕೇಳಿದ ಮೊದಲ ಪ್ರಶ್ನೆ ಅದು. ಉಪ್ಪು ಹೆಚ್ಚಾಯಿತೋ ಕಡಿಮೆಯಾಯಿತೋ ಎಂಬುದನ್ನು ಕೂಡ ಅತ್ತೆಯ ಮೂಲಕವೇ ಹೇಳಿಕಳಿಸುವ ಮನುಷ್ಯ. ನಾನು ಯೋಚಿಸಲಿಲ್ಲ. ಯೋಚಿಸಬೇಕಾದದ್ದು ಇದೆ ಎಂದೇ ಅನ್ನಿಸಲಿಲ್ಲ. ಮಾತು ಸುತ್ತಿ ಇಟ್ಟ ಹಾಗೆ ಸಿದ್ಧವಾಗಿತ್ತು.

"ನೀವಿದ್ರೆ ಒಂದು ಥರ ಮಾವ, ನೀವು ಆ ಕಡೆ ಹೋದ್ರೆ ಒಂದು ಥರ."

ಅವರು "ಹೂಂ" ಎಂದರು. ಅಷ್ಟೇ. ಸೀರೆ ಮಡಚಿದರು. ನಾನು ಒಳಗೆ ಬಂದು ಹುಣಸೆಹಣ್ಣು ನೆನೆಹಾಕಿದೆ. ಮನೆಯ ವಿಷಯದಲ್ಲಿ ನನ್ನ ಮಾತೂ ಒಂದು ಬಿತ್ತು ಎಂಬ ಸಂತೋಷ ಇತ್ತು, ಇರಲಿಲ್ಲ ಎಂದು ಈಗ ಹೇಳಿದರೆ ಸುಳ್ಳಾಗುತ್ತದೆ.

ಮಾರನೆಯ ಬೆಳಿಗ್ಗೆ ಮಾವ ಅವನನ್ನು ಕರೆಸಿ, ಈ ಪಾವು ಮುಗಿದ ಮೇಲೆ ಬೇರೆ ಕಡೆ ನೋಡಿಕೋ ಎಂದರು. ಮಗ್ಗದ ಮೇಲೆ ಇನ್ನೆರಡು ಸೀರೆಗಾಗುವಷ್ಟು ನೂಲಿತ್ತು. ಅವನು ಯಾಕೆ ಎಂದು ಕೇಳಲಿಲ್ಲ. "ಸರಿ ಸಾಮಿ" ಎಂದು, ಪಂಚೆಯನ್ನು ಇನ್ನಷ್ಟು ಕೆಳಗೆ ಎಳೆದುಕೊಂಡು, ಅದೇ ಅಳೆದಿಟ್ಟ ನಡಿಗೆಯಲ್ಲಿ ಹಿಂದಕ್ಕೆ ಹೋದ. ಬಾಗಿಲ ಸಂದಿಯಿಂದ ನೋಡುತ್ತಿದ್ದ ನನಗೆ, ಕೆಲಸ ಹೋದರೂ ಇವನ ಜಂಬ ಹೋಗಲಿಲ್ಲವಲ್ಲ ಎನ್ನಿಸಿತು.

ಅದಾಗಿ ನಾಲ್ಕೋ ಐದೋ ದಿನ. ರಾಟೆಯ ಮುಂದೆ ಕುಳಿತಾಗ ನನ್ನದೇ ಒಂದು ತಪ್ಪು ಕಣ್ಣಿಗೆ ಬಿತ್ತು. ಹಿಂದಿನ ಮಗ್ಗಕ್ಕೆ ಕೆಂಪು ನೂಲಿನ ಕಂಡಿಕೆ ಕೊಡಬೇಕಾಗಿದ್ದವಳು ಮೈದುನನ ಮಗ್ಗದ ನೇರಳೆಯದನ್ನು ಕೊಟ್ಟುಬಿಟ್ಟಿದ್ದೆ. ಮಬ್ಬು ಬೆಳಕಿನಲ್ಲಿ ಎರಡೂ ಒಂದೇ. ಅದನ್ನು ನೇಯ್ದುಬಿಟ್ಟರೆ ಎಳೆ ಎಳೆಯಾಗಿ ಬಿಚ್ಚಬೇಕು. ಬುಟ್ಟಿ ಹಿಡಿದು ಹಿತ್ತಲಿಗೆ ಓಡಿದೆ. ಬಾಗಿಲಿಗೆ ಕೈ ಹಾಕಿದೆ. ಒಳಗಿನಿಂದ ಕಲ್ಲು ಆನಿಸಿದ್ದರು. ಕಲ್ಲು ಸರಿದು ಬಾಗಿಲು ತೆರೆಯಿತು.

ಗುಂಡಿಯಲ್ಲಿ ಅವಳು ಕುಳಿತಿದ್ದಳು.

ಇದನ್ನು ಸ್ವಲ್ಪ ಹೇಳಬೇಕು. ನಮ್ಮ ಬೀದಿಯಲ್ಲಿ ಹೆಂಗಸರು ನೂಲು ಸುತ್ತುವರು, ಪಾವು ಎಳೆಯುವರು, ಗಂಜಿ ಕಾಯಿಸುವರು, ಹರಿದ ಎಳೆ ಕೂಡಿಸುವರು. ಮಗ್ಗದ ಗುಂಡಿಗೆ ಮಾತ್ರ ಕಾಲು ಇಳಿಸುತ್ತಿರಲಿಲ್ಲ. ಇಳಿಸಿದರೆ ಏನಾಗುತ್ತದೆ ಎಂದು ಯಾರೂ ಹೇಳಿರಲಿಲ್ಲ. ಆ ಮನೆಯ ಗಂಡಸಿಗೆ ತಲೆ ಎತ್ತಲಾಗದು, ಅಷ್ಟೇ. ಅವಳು ಸೆರಗನ್ನು ಸೊಂಟಕ್ಕೆ ಬಿಗಿದು, ಮಂಡಿಯವರೆಗೆ ಸೀರೆ ಎತ್ತಿಕಟ್ಟಿ, ಬೆವರು ಇಳಿಯುತ್ತಾ ತುಳಿಯುತ್ತಿದ್ದಳು. ಅವನು ಮಗ್ಗದ ಪಕ್ಕದಲ್ಲಿ ನೆಲದ ಮೇಲೆ ಕುಳಿತು, ಎಡಗಾಲನ್ನು ಮಣೆಯ ಮೇಲೆ ನೀಡಿ, ಬಾಗಿ ಹರಿದ ಎಳೆಗಳಿಗೆ ಗಂಟು ಹಾಕುತ್ತಿದ್ದ. ಕಾಲು ಹಿಮ್ಮಡಿಯಿಂದ ಮೀನಖಂಡದವರೆಗೆ ಊದಿತ್ತು. ಗಿಣ್ಣಿನ ಹತ್ತಿರ ಹುಣ್ಣಿನ ಬಾಯಿ, ಆ ಬಾಯಿಂದ ಹೊರಬಂದ ಬಿಳಿಯ ನಾರಿನಂಥದ್ದು, ಅದನ್ನು ಒಂದು ಬೇವಿನ ಕಡ್ಡಿಗೆ ಸುತ್ತಿ ಬಟ್ಟೆಯ ಚೂರಿನಿಂದ ಕಾಲಿಗೆ ಕಟ್ಟಿತ್ತು. ನಾರುಹುಣ್ಣು. ಮೆಟ್ಟಿಲು ಬಾವಿಯ ನೀರು ಕುಡಿದ ಊರುಗಳಲ್ಲಿ ಅದು ಬರುತ್ತದೆ. ಒಳಗಿನ ಹುಳುವನ್ನು ದಿನಕ್ಕೆ ಒಂದು ಬೆರಳಿನಷ್ಟು ಮಾತ್ರ ಕಡ್ಡಿಗೆ ಸುತ್ತಿ ತೆಗೆಯಬೇಕು. ಅವಸರ ಮಾಡಿ ಅದು ಹರಿದರೆ ಕಾಲೇ ಹೋದ ಹಾಗೆ.

ಅವಳು ಲಾಳಿ ಹಿಡಿದ ಕೈಯನ್ನು ಹಾಗೆಯೇ ನಿಲ್ಲಿಸಿದಳು. ಭಯದಿಂದಲ್ಲ. ನನ್ನನ್ನು ನೋಡಿ ಅವಳ ಮುಖ ಸಡಿಲವಾಯಿತು.

"ನೀವಾ ಅಕ್ಕಾ. ಬೇರೆ ಯಾರೋ ಅಂತ ಜೀವ ಹೋಗಿ ಬಂತು. ಬಾಗಿಲು ಮುಚ್ಚಿಬುಡಿ."

ನಾನು ಮುಚ್ಚಿದೆ. ಕಂಡಿಕೆ ಬದಲಾದದ್ದನ್ನು ಹೇಳಿದೆ. ಅವಳು ನಕ್ಕಳು.

"ಅದು ತರಿಗೆ ಕೂತ ಮೇಲೆ ನೋಡ್ದೆ. ಹೇಳೋಕೆ ಬರ್ಬೇಕು ಅಂದ್ರೆ ತರಿ ಬುಟ್ಟು ಏಳ್ಬೇಕಲ್ಲ. ನಿನ್ನೆ ಉಳಿದದ್ರಲ್ಲೇ ಓಡಿಸ್ತಾ ಇವ್ನಿ."

"ನೇಯೋದು ಎಲ್ಲಿ ಕಲ್ತೆ?"

"ನಮ್ಮಪ್ಪನಿಗೆ ಗಂಡುಮಕ್ಕಳಿಲ್ಲ. ನಾನೇ ಗಂಡುಮಗ."

ಗಂಡ ತಲೆ ಎತ್ತದೆ ಹೇಳಿದ: "ಸಾಮಿ ಮನೇಲಿರೋವರೆಗೂ ಹೆಂಗೋ ಹಲ್ಲು ಕಚ್ಕೊಂಡು ತುಳೀತೀನಿ ತಾಯಿ. ಆಮೇಲೆ ಆಗಲ್ಲ. ಇನ್ನೊಂದು ಮೂರು ವಾರ ಅಷ್ಟೇ, ಹುಳ ಪೂರಾ ಬಂದುಬುಟ್ರೆ ಸರಿಹೋಯ್ತದೆ. ಅಷ್ಟರಲ್ಲಿ ಹೋಗು ಅಂದುಬುಟ್ರು."

ಅವಳು ಲಾಳಿಯನ್ನು ತೊಡೆಯ ಮೇಲಿಟ್ಟು ನನ್ನ ಕಡೆ ತಿರುಗಿದಳು.

"ನಿಮಗೆ ಮೊದಲಿಂದಾನೂ ಗೊತ್ತು, ಅಲ್ವಾ ಅಕ್ಕಾ? ನಾನು ಕೈ ಸೋತು ತರಿ ನಿಲ್ಸಿದ್ರೆ ಆ ಕಡೆ ನಿಮ್ಮ ರಾಟೆನೂ ನಿಲ್ತಿತ್ತು. ನಾನು ಶುರು ಮಾಡಿದ್ರೆ ನೀವೂ ಶುರು ಮಾಡ್ತಿದ್ರಿ. ದಿನಾ. ನಾನು ಇವರಿಗೆ ಹೇಳ್ತಿದ್ದೆ, ಆ ಅಕ್ಕನಿಗೆ ಗೊತ್ತದೆ, ಆದ್ರೂ ಬಾಯಿ ಬಿಡಲ್ಲ, ಅಂಥವಳು ಅಂತ."

ನಿಜ, ನಿಲ್ಲಿಸುತ್ತಿದ್ದೆ. ಎಷ್ಟು ಹೊತ್ತು ಸುಮ್ಮನಿರುತ್ತಾನೆ ನೋಡೋಣ ಎಂದು ರಾಟೆ ನಿಲ್ಲಿಸಿ ಕಿವಿಗೊಡುತ್ತಿದ್ದೆ. ಅವಳು ಆ ಬದಿಯಲ್ಲಿ ಅದನ್ನು ಜೊತೆ ಎಂದು ತಿಳಿದಿದ್ದಳು. ಎರಡು ತಿಂಗಳು ನಾನು ಅವರನ್ನು ಗೋಡೆಯ ಮೂಲಕ ಕೆಟ್ಟವರನ್ನಾಗಿ ಮಾಡಿಕೊಂಡಿದ್ದೆ, ಅವಳು ಅದೇ ಗೋಡೆಯ ಮೂಲಕ ನನ್ನನ್ನು ಒಳ್ಳೆಯವಳನ್ನಾಗಿ ಮಾಡಿಕೊಂಡಿದ್ದಳು. ನೇರಳೆ ಕಂಡಿಕೆಗಳನ್ನು ಆರಿಸಿ ಬುಟ್ಟಿಗೆ ಹಾಕಿಕೊಂಡು, ಕೆಂಪನ್ನು ಅಲ್ಲಿಟ್ಟು ಬಂದೆ.

ಅವತ್ತು ಮಧ್ಯಾಹ್ನ ಮಾವ ಊಟಕ್ಕೆ ಬರುವವರೆಗೆ ನಾನು ಎಷ್ಟು ಸಲ ಜಗಲಿಗೂ ಒಲೆಗೂ ತಿರುಗಿದೆನೋ. ಕೈ ತೊಳೆದು ಕುಳಿತ ಮೇಲೆ ಬಾಗಿಲ ಮರೆಯಲ್ಲಿ ನಿಂತು ಹೇಳಿದೆ.

"ಮಾವ, ನಾನು ಅವತ್ತು ಹೇಳಿದ್ದು ತಪ್ಪು."

"ಯಾವತ್ತು?"

"ಹಿಂದಿನ ತರಿ ವಿಷಯ. ನೀವಿದ್ರೆ ಒಂದು ಥರ, ಇಲ್ದಿದ್ರೆ ಒಂದು ಥರ ಅಂದೆನಲ್ಲ."

ಮಾವ ತುತ್ತನ್ನು ಹಾಗೆಯೇ ಹಿಡಿದು ನೆನಪು ಮಾಡಿಕೊಳ್ಳಲು ನೋಡಿದರು.

"ನೀನೆಲ್ಲಿ ಹೇಳ್ದೆ? ಅದು ನಾನೇ ಕಂಡಿದ್ದು. ಅವನು ಬಂದ ದಿನಾನೇ ನಂಗೆ ತಿಳೀತು. ನಡಿಗೆ ನೋಡಿದ್ರೇ ಗೊತ್ತಾಗಲ್ವಾ ಅಮ್ಮಣಿ, ಮನುಷ್ಯ ಎಂಥವನು ಅಂತ?"

ಸುಳ್ಳಾಡುವ ಮನುಷ್ಯರಲ್ಲ ಅವರು. ನಿಜವಾಗಿಯೂ ಹಾಗೆಂದೇ ನಂಬಿದ್ದರು. ನಾನು ಕೊಟ್ಟ ಮಾತು ಅವರೊಳಗೆ ಹೋಗಿ ಅವರದೇ ಆಗಿಬಿಟ್ಟಿತ್ತು. ಹಿಂದಕ್ಕೆ ತೆಗೆದುಕೊಳ್ಳೋಣವೆಂದರೆ ನನ್ನದು ಅಲ್ಲಿ ಏನೂ ಉಳಿದಿರಲಿಲ್ಲ. ಕಾಲಿನ ವಿಷಯ ಹೇಳಿದೆ. ಹೆಂಡತಿಯ ವಿಷಯವನ್ನೂ ಹೇಳಬೇಕಾಯಿತು, ಹೇಳದೆ ಅದು ಮುಗಿಯುತ್ತಿರಲಿಲ್ಲ. ಮಾವ ಅರ್ಧ ಊಟದಲ್ಲಿ ಎದ್ದರು.

ಹಿತ್ತಲಿಗೆ ಅವರ ಹಿಂದೆ ನಾನೂ ಹೋದೆ. ಅವಳು ಗುಂಡಿಯಿಂದ ಎದ್ದು ಗೋಡೆಗೆ ಅಂಟಿ ನಿಂತಳು. ನನ್ನ ಕಡೆ ಒಂದು ಸಲ ನೋಡಿದಳು. ಮಾವ ಬಾಗಿ ಕಾಲನ್ನು ಹತ್ತಿರದಿಂದ ನೋಡಿದರು. ಆಮೇಲೆ ಮಗ್ಗದ ಮೇಲಿನ ಬಟ್ಟೆಯನ್ನು ಹೆಬ್ಬೆರಳಿನಿಂದ ತಡವಿದರು.

"ಮೊದ್ಲೇ ಹೇಳೋದು ತಾನೆ?"

"ಹೇಳಿದ್ರೆ ಮಡಗ್ಕೊತಿದ್ರಾ ಸಾಮಿ?" ಎಂದ ಅವನು.

ಮಾವ ಮತ್ತೆ ಬಟ್ಟೆಯ ಕಡೆ ಬಾಗಿದರು. "ಈ ಮೆದು ಇರೋದು ಯಾರ ಕೈ?"

"ನಂದು ಸಾಮಿ," ಎಂದಳು ಅವಳು.

"ಪರವಾಗಿಲ್ಲ. ಕೈ ಸಮ ಅದೆ." ಆಮೇಲೆ ಅವನ ಕಡೆ ತಿರುಗಿ, "ಈ ತರಿ ಕೊಡ್ತೀನಿ ಅಂತ ಪಲ್ಲಡದವನೊಬ್ಬನಿಗೆ ಮಾತು ಕೊಟ್ಟುಬುಟ್ಟಿವ್ನಿ. ಅವನು ಅಲ್ಲಿ ತರಿ ಬುಟ್ಟಾಯ್ತು. ಅವನನ್ನ ಎಲ್ಲಿಗೆ ಹೋಗು ಅನ್ನಲಿ? ನಿನ್ನ ಕಾಲು ವಾಸಿ ಆಗೋವರೆಗೂ ಜಗಲೀಲಿ ಮಲಗಿರಿ. ಊಟ ಹಾಕ್ತೀವಿ," ಎಂದರು.

"ತರಿ ಇಲ್ದೆ ಜಗಲೀಲಿ ಕೂತು ಉಂಡ್ರೆ ಜನ ಏನಂತಾರೆ ಸಾಮಿ," ಎಂದಳು ಅವಳು. "ನಮ್ಮಣ್ಣ ಕರುಮತ್ತಂಪಟ್ಟಿ ಪಕ್ಕ ಅವ್ನೆ. ದೊಡ್ಡಪ್ಪನ ಮಗ. ಅಲ್ಲಿಗೆ ಹೋಯ್ತೀವಿ."

ಮಗ್ಗದ ಮೇಲೆ ಉಳಿದದ್ದನ್ನು ಅವಳು ನೇಯ್ದು ಮುಗಿಸಿದಳು. ಬಾಗಿಲು ಮಾತ್ರ ಮುಚ್ಚಿಯೇ ಇರಲಿ ಎಂದು ಮಾವ ಹೇಳಿದ್ದರು. ಆ ದಿನಗಳಲ್ಲಿ ಅವಳ ಮಗ್ಗ ನಿಂತರೆ ನಾನು ರಾಟೆ ನಿಲ್ಲಿಸಲೋ ಬೇಡವೋ ಎಂದು ತಿಳಿಯದೆ ತಿರುಗಿಸುತ್ತಲೇ ಇದ್ದೆ. ಕಂಡಿಕೆ ಒಯ್ಯಲು ಬೆಳಿಗ್ಗೆ ಬಂದಾಗ ಅವಳು ಮೊದಲಿನಂತೆಯೇ ಮಾತಾಡುತ್ತಿದ್ದಳು. ಮಾವನನ್ನು ಕರೆತಂದದ್ದಕ್ಕೆ ಬೇಸರವಿರಲಿಲ್ಲ. ನಾನು ಅವರಿಗಾಗಿ ಹೇಳಲು ಹೋಗಿ ಆಗಲಿಲ್ಲ ಎಂದುಕೊಂಡಿದ್ದಳು. ಹೊರಡುವ ಹಿಂದಿನ ದಿನ ಇನ್ನು ತಡೆಯಲಾರದೆ ಹೇಳಿದೆ.

"ನೀನು ತಿಳ್ಕೊಂಡಿರೋ ಹಂಗೆ ನಾನಲ್ಲ. ಮಾವನಿಗೆ ಮೊದಲು ಚಾಡಿ ಹೇಳಿದ್ದು ನಾನೇ. ನಿನ್ನ ಗಂಡ ಸೋಮಾರಿ ಅಂತ."

ಅವಳು ಬುಟ್ಟಿ ಹಿಡಿದು ನಿಂತಿದ್ದಳು. ಅದನ್ನು ಕೆಳಗಿಟ್ಟಳು.

"ಬುಡಿ ಅಕ್ಕಾ," ಎಂದಳು. "ಮೊನ್ನೆ ಸಾಮೀನೇ ಇವರ ಹತ್ರ ಅಂದ್ರಂತೆ, ತಾವೇ ಕಂಡಿದ್ದು ಅಂತ. ನೀವು ಸುಮ್ನೆ ತಪ್ಪನ್ನ ತಲೆ ಮೇಲೆ ಹಾಕ್ಕೋತೀರಿ. ನೀವು ಅಂಥವರೇ."

ನಾನು ಕೊನೆಯ ಕಂಡಿಕೆಗಳನ್ನು ಎಣಿಸಿ ಅವಳ ಬುಟ್ಟಿಗೆ ಹಾಕಿದೆ.

ಮರುದಿನ ಬಿಸಿಲಿಗೆ ಮುಂಚೆ ಹೊರಟರು. ಅವಳ ತಲೆಯ ಮೇಲೆ ಮೂಟೆ, ಸೊಂಟದಲ್ಲಿ ಪಾತ್ರೆಯ ಗಂಟು. ಅವನು ಪಂಚೆ ಇಳಿಬಿಟ್ಟು, ಬರಿಗೈಯಲ್ಲಿ, ಅವಳ ಹಿಂದೆ ಒಂದೊಂದೇ ಹೆಜ್ಜೆ. ಎದುರುಮನೆಯ ಚಿಕ್ಕತ್ತೆ ಹೊಸ್ತಿಲಲ್ಲಿ ಕೋಲ, ಎಂದರೆ ರಂಗೋಲಿ, ಹಾಕುತ್ತಿದ್ದವರು ಹಿಟ್ಟಿನ ಬೆರಳನ್ನು ಹಾಗೆಯೇ ಹಿಡಿದು ನೋಡಿದರು.

"ನೋಡಮ್ಮಣಿ, ಹೆಂಡ್ತಿ ಮೇಲೆ ಎಲ್ಲಾನೂ ಹೇರಿ, ಸಾಹೇಬರು ಕೈ ಬೀಸ್ಕೊಂಡು ಹೋಯ್ತಾ ಅವ್ರೆ."

"ಅವನಿಗೆ ಕಾಲಲ್ಲಿ ನಾರುಹುಣ್ಣು ಚಿಕ್ಕತ್ತೆ. ನಾನೇ ಕಣ್ಣಾರೆ ನೋಡಿವ್ನಿ. ನಡೆಯೋದೇ ಹೆಚ್ಚು."

"ಅಯ್ಯೋ ಪಾಪ, ಹಂಗಾ!" ಎಂದು ಬಾಯಿ ಮೇಲೆ ಕೈಯಿಟ್ಟುಕೊಂಡರು. ಅವರಿಬ್ಬರೂ ಬೀದಿಯ ತಿರುವು ದಾಟುವವರೆಗೂ ನೋಡಿ, ಮತ್ತೆ ಕೋಲಕ್ಕೆ ಬಾಗಿದರು. "ಆದ್ರೂ ನೋಡೋಕೆ ಒಂಥರಾ ಮನುಷ್ಯನೇ ಬುಡು."

ಹೊಸಬ ಅದೇ ಮಧ್ಯಾಹ್ನ ಬಂದು, ಮಾರನೆಯ ದಿನ ಹೊಸ ಪಾವು ಏರಿಸಿ ಮಗ್ಗಕ್ಕೆ ಇಳಿದ. ಸದ್ದು ಸಮವಾಗಿ, ಒಂದೇ ಸಮನೆ ಬಂತು, ಎಲ್ಲೂ ತಡೆಯಲಿಲ್ಲ. ನಾನು ಐದಾರು ಕಂಡಿಕೆ ಸುತ್ತುವಷ್ಟರಲ್ಲಿ, ಇವನು ಒಳ್ಳೆಯವನು, ನಂಬಬಹುದು ಎಂದು ಮನಸ್ಸು ಹೇಳಿ ಮುಗಿಸಿತ್ತು. ಅವನ ಮುಖವನ್ನು ನಾನಿನ್ನೂ ನೋಡಿರಲಿಲ್ಲ. ಎದ್ದು ರಾಟೆಯನ್ನು ಎತ್ತಿಕೊಂಡು ಮುಂದಿನ ಹಜಾರದ ಮೂಲೆಗೆ ತಂದೆ. ಯಾಕೆ ಇಲ್ಲಿ ಎಂದು ಅತ್ತೆ ಕೇಳಿದರು. ಅಲ್ಲಿ ಬೆಳಕು ಸಾಲದು ಎಂದೆ.